ಬ್ರೇಕ್ ನೋಡೋದು ಮಾಲೀಕನ ಕೆಲಸ, ಡ್ರೈವರ್‌ದಲ್ಲ



ಕಬ್ಬು ಅರೆಯೋ ಕಾಲ ಹತ್ರ ಬಂತು. ಕಾರ್ಖಾನೆಯಲ್ಲಿ ಬಾಯ್ಲರ್ ಪೂಜೆ ಆಯ್ತಂತೆ ಅಂತ ಸುದ್ದಿ ಬಂದ ತಕ್ಷಣ ನಾವೆಲ್ಲ ವಿಚಾರಿಸೋದು ಮೂರೇ ವಿಷಯ. ಕಟಿಂಗ್ ಆರ್ಡರ್ ಯಾವಾಗ ಬರುತ್ತೆ, ಕಟಾವು ಮಾಡೋ ಆಳುಗಳು ಸಿಗ್ತಾರಾ, ಈ ಸಲ ಟನ್ನಿಗೆ ಎಷ್ಟು ಕೊಡ್ತಾರೆ. ಹೊಂಗೆ ಮರದ ಕೆಳಗೆ ತಿಂಗಳುಗಟ್ಟಲೆ ನಿಂತು ಮಳೆ ಕುಡಿದಿರೋ ಟ್ರೇಲರ್ ಕಡೆ ಯಾರೂ ತಿರುಗಿ ನೋಡಲ್ಲ. ಆರ್ಡರ್ ಬಂದ ದಿನ ಟೈರಿಗೆ ಗಾಳಿ ಹೊಡೆಸಿ, ಪಿನ್ನು ಸಿಕ್ಕಿಸಿ, ಹೊರಟೇಬಿಡ್ತೀವಿ. ನಾನೂ ಇಪ್ಪತ್ತು ವರ್ಷ ಹಾಗೇ ಮಾಡಿದವನು. ಅದಕ್ಕೇ ಇವತ್ತು ಈ ವಿಷಯ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾಗಿ ಓದಿ.

ಮೊದಲು ನಡೆದದ್ದು ಹೇಳ್ತೀನಿ. ಇದನ್ನ ಇಲ್ಲಿ ಬರೆಯೋದೋ ಬೇಡವೋ ಅಂತ ಬಹಳ ದಿನ ಯೋಚನೆ ಮಾಡಿದ್ದೆ.

ಎರಡು ವರ್ಷದ ಹಿಂದೆ, ಕಾರ್ತೀಕ ಮಾಸ. ನನ್ನ ಟ್ರ್ಯಾಕ್ಟರ್ ಓಡಿಸ್ತಿದ್ದವನು ನಮ್ಮ ಬೀದಿಯವನೇ ಒಬ್ಬ ಹುಡುಗ. ಇಪ್ಪತ್ನಾಲ್ಕು ವರ್ಷ, ನನ್ನನ್ನ ಮಾವ ಅಂತ ಕರೆಯೋನು. ಕುಡಿಯೋ ಚಾಳಿ ಇಲ್ಲ. ಕಾರ್ಖಾನೆಗೆ ನಮ್ಮೂರಿಂದ 26 ಕಿಲೋಮೀಟರ್. ನಾಲ್ಕನೇ ಟ್ರಿಪ್ ಮುಗಿಸಿ ಬಂದ ದಿನ ಸಂಜೆ ಅವನು ಹೇಳಿದ, "ಮಾವ, ಬ್ರೇಕ್ ಹಿಡಿದ್ರೆ ಟ್ರೇಲರ್ ಒಂದ್ ಕಡೆ ಎಳೀತದೆ, ಇಳಿಜಾರಲ್ಲಿ ಹಿಂದಿಂದ ತಳ್ತದೆ." ಗದ್ದೆಯಲ್ಲಿ ಇನ್ನೂ ಎರಡು ಲೋಡು ಕಡಿದು ಹಾಕಿದ್ದ ಕಬ್ಬು ಒಣಗ್ತಿತ್ತು. ಆಳುಗಳು ಬೇರೆ ಕಡೆ ಹೋಗ್ತೀವಿ ಅಂತ ಕೂತಿದ್ರು. ನಾನಂದೆ, "ಈ ಎರಡು ಲೋಡು ಹೋಗ್ಲಿ, ಆಮೇಲೆ ತೋರಿಸೋಣ. ನೀನು ನಿಧಾನಕ್ಕೆ ಹೋಗು."

ಮಾರನೇ ದಿನ ಬೆಳಗಿನ ಜಾವ ಐದು ಗಂಟೆ. ನಮ್ಮೂರ ಕೆರೆ ಏರಿ ನಿಮಗೆಲ್ಲ ಗೊತ್ತು. ಏರಿ ಮುಗಿದು ತೂಬಿನ ಹತ್ರ ರಸ್ತೆ ಇಳಿಜಾರಾಗಿ ಎಡಕ್ಕೆ ತಿರುಗುತ್ತೆ. ಅಲ್ಲಿ ಅವನು ಬ್ರೇಕ್ ಒತ್ತಿದ. ಟ್ರ್ಯಾಕ್ಟರ್ ನಿಧಾನ ಆಯ್ತು, ಟ್ರೇಲರ್ ಆಗಲಿಲ್ಲ. ಹಿಂದಿನ ಭಾರ ಮುಂದಿನ ಗಾಡೀನ ಕತ್ತರಿ ಮಡಚಿದ ಹಾಗೆ ಮಡಚಿ ಪಕ್ಕಕ್ಕೆ ತಿರುಗಿಸಿಬಿಟ್ಟಿತು. ಟ್ರ್ಯಾಕ್ಟರ್ ಬತ್ತದ ಗದ್ದೆಗೆ ಇಳೀತು, ಟ್ರೇಲರ್ ಪಲ್ಟಿ. ಹುಡುಗ ಎಗರಿ ಬಿದ್ದ, ತೊಡೆ ಮೂಳೆ ಮುರೀತು. ಮೈಸೂರಲ್ಲಿ ಆಪರೇಷನ್ ಮಾಡಿಸಿ ರಾಡ್ ಹಾಕಿಸಿದ್ವಿ. ಇವತ್ತಿಗೂ ಎಡಗಾಲು ಸ್ವಲ್ಪ ಎಳೆದು ನಡೀತಾನೆ. ಅದೇ ಜಾಗದಲ್ಲಿ ಎಂಟು ಗಂಟೆಗೆ ಸ್ಕೂಲ್ ಮಕ್ಕಳು ಬಸ್ಸಿಗೆ ನಿಲ್ತಾರೆ. ಮೂರು ಗಂಟೆ ತಡವಾಗಿ ಹೊರಟಿದ್ರೆ ಏನಾಗ್ತಿತ್ತು ಅಂತ ನೆನೆಸ್ಕೊಂಡ್ರೆ ಈಗಲೂ ನಿದ್ದೆ ಬರಲ್ಲ.

ಆಸ್ಪತ್ರೆ ಖರ್ಚು ನಾನೇ ಕೊಟ್ಟೆ. ಅದು ದೊಡ್ಡ ವಿಷಯ ಅಲ್ಲ. ನಾನು ಮಾಡಿದ ತಪ್ಪು ಬೇರೆ. ಕೇಳಿದವರಿಗೆಲ್ಲ ನಾನು ಹೇಳಿದ್ದು, "ಹುಡುಗ ಜೋರಾಗಿ ಬಿಟ್ಟಿದ್ದ, ಬಿಸಿರಕ್ತ" ಅಂತ. ಅರಳಿಕಟ್ಟೆಯಲ್ಲಿ ಹೇಳಿದೆ, ಹಾಲಿನ ಡೇರಿಯಲ್ಲಿ ಹೇಳಿದೆ. ಊರೆಲ್ಲ ನಂಬಿತು. ಯಾಕಂದ್ರೆ ನಾವು ಯಾವಾಗಲೂ ನಂಬೋದು ಅದನ್ನೇ. ಅವರಮ್ಮ ಒಂದು ದಿನ ಮನೆ ಹತ್ರ ಬಂದು, "ನನ್ ಮಗ ಹಂಗೆಲ್ಲ ಓಡಿಸಲ್ಲ ಕಣಣ್ಣ" ಅಂದ್ರು. ನಾನು ಮಾತಾಡಲಿಲ್ಲ.

ಒಂದು ತಿಂಗಳಾದ ಮೇಲೆ ಟ್ರೇಲರ್ ರಿಪೇರಿಗೆ ಬಿಟ್ಟೆ. ಮೆಕ್ಯಾನಿಕ್ ಎರಡೂ ಡ್ರಮ್ ಬಿಚ್ಚಿ ನನ್ನನ್ನ ಕರೆದು ತೋರಿಸಿದ. ಎಡಗಡೆ ಲೈನರ್ ಸವೆದು ರಿವೆಟ್ ಕಾಣ್ತಿತ್ತು. ಬಲಗಡೆ ಆಯಿಲ್ ಸೀಲ್ ಹೋಗಿ ಬೇರಿಂಗಿನ ಗ್ರೀಸೆಲ್ಲ ಶೂ ಮೇಲೆ ಹರಿದು ಬೆಣ್ಣೆ ಹಚ್ಚಿದ ಹಾಗಿತ್ತು. "ಇದು ಒಂದು ವರ್ಷದಿಂದ ಹಿಡೀತಿರಲಿಲ್ಲ ಬಿಡಿ" ಅಂದ. ನಾನು ಮನೆಗೆ ಬಂದು ಮೊದಲು ಆ ಹುಡುಗನ ಮನೆಗೆ ಹೋದೆ. ಅವನಿಗೂ ಅವರಮ್ಮನಿಗೂ ಹೇಳಿದೆ. ಈಗ ಎಲ್ಲರಿಗೂ ಹೇಳ್ತಿದೀನಿ. ತಪ್ಪು ಅವನದಲ್ಲ, ನನ್ನದು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಟ್ರ್ಯಾಕ್ಟರ್ ಪಲ್ಟಿ ಆದಾಗಲೆಲ್ಲ ಡ್ರೈವರ್ ಕುಡಿದಿದ್ದ, ಡ್ರೈವರ್ ಮಲಗಿದ್ದ, ಡ್ರೈವರಿಗೆ ಅಹಂಕಾರ ಅನ್ನೋದನ್ನ ಬಿಡೋಣ. ಕೆಲವು ಸಲ ಅದೂ ನಿಜ ಇರಬಹುದು. ಆದ್ರೆ ಕೀಲಿ ಕೈಗೆ ಕೊಡೋ ಮುಂಚೆ ಗಾಡಿ ನಿಲ್ಲುತ್ತಾ ಇಲ್ವಾ ಅಂತ ನೋಡಬೇಕಾದೋನು ಮಾಲೀಕ. ಟ್ರಿಪ್ಪಿಗೆ ಇಷ್ಟು ಅಂತ ಕೂಲಿ ತಗೊಳ್ಳೋ ಹುಡುಗ "ಬ್ರೇಕ್ ಸರಿ ಇಲ್ಲ, ಇವತ್ತು ಹೋಗಲ್ಲ" ಅಂದ್ರೆ ಅವನ ಕೂಲಿ ಹೋಗುತ್ತೆ, ನಾಳೆ ಬೇರೆಯವನನ್ನ ಕರೀತೀವಿ. ಅವನು ಹೇಳಕ್ಕಾಗಲ್ಲ. ನನ್ನ ಹುಡುಗ ಹೇಳಿದ, ನಾನು ಕೇಳಲಿಲ್ಲ.

ಈಗ ಲೆಕ್ಕ ನೋಡಿ. ನಮ್ಮಲ್ಲಿರೋ 45 ಎಚ್.ಪಿ. ಟ್ರ್ಯಾಕ್ಟರ್ ತೂಕ ಸುಮಾರು ಎರಡು ಟನ್. ಖಾಲಿ ಟ್ರೇಲರ್ ಒಂದೂವರೆಯಿಂದ ಎರಡು ಟನ್. ಮೇಲೆ ಎಂಟು ಟನ್ ಕಬ್ಬು, ಕೆಲವರು ಹತ್ತೂ ಹಾಕ್ತಾರೆ. ಅಂದ್ರೆ ಎರಡು ಟನ್ ಗಾಡಿ ಬೆನ್ನ ಹಿಂದೆ ಹತ್ತು ಟನ್ ಬರ್ತಾ ಇದೆ. ಟ್ರ್ಯಾಕ್ಟರಿಗೆ ಬ್ರೇಕ್ ಇರೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಟ್ರೇಲರಿನ ಬ್ರೇಕ್ ಹಿಡಿಯದಿದ್ರೆ ಆ ಎರಡು ಚಕ್ರವೇ ಹನ್ನೆರಡು ಟನ್ ನಿಲ್ಲಿಸಬೇಕು. ಮಳೆ ಬಿದ್ದು ರಸ್ತೆ ಮೇಲೆ ಕೆಸರಿದ್ರೆ ಇನ್ನೂ ಕಷ್ಟ.

"ನಿಧಾನಕ್ಕೆ ಹೋದ್ರೆ ಸಾಕು ಬಿಡಿ" ಅನ್ನೋರಿಗೆ ಇನ್ನೊಂದು ಲೆಕ್ಕ. ಗಂಟೆಗೆ 20 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಐದೂವರೆ ಮೀಟರ್, ಹದಿನೆಂಟು ಅಡಿ. ಎಮ್ಮೆ ಅಡ್ಡ ಬಂತು ಅಂತ ಕಣ್ಣಿಗೆ ಬಿದ್ದು ಕಾಲು ಪೆಡಲ್ ಮೇಲೆ ಹೋಗೋ ಒಂದು ಸೆಕೆಂಡಲ್ಲೇ ಹದಿನೆಂಟು ಅಡಿ ಹೋಗಿರ್ತೀವಿ. ಬ್ರೇಕ್ ಹಿಡಿಯೋಕೆ ಶುರುವಾಗೋದು ಆಮೇಲೆ. ವೇಗ ಎರಡು ಪಟ್ಟು ಆದ್ರೆ ಬ್ರೇಕ್ ಹಿಡಿದ ಮೇಲೆ ನಿಲ್ಲೋಕೆ ಬೇಕಾಗೋ ದೂರ ನಾಲ್ಕು ಪಟ್ಟು. ನಿಧಾನಕ್ಕೆ ಹೋಗೋದು ಒಳ್ಳೇದೇ, ಆದ್ರೆ ಬ್ರೇಕ್ ಇಲ್ಲದ ಟ್ರೇಲರಿಗೆ ಇಳಿಜಾರಲ್ಲಿ ನಿಧಾನ ಅನ್ನೋದೇ ಇರಲ್ಲ. ಅದೇ ನಮ್ಮನ್ನ ತಳ್ಳುತ್ತೆ.

ಅದೂ ನಮ್ಮ ಜಿಲ್ಲೆಯ ರಸ್ತೆಗಳು ಎಂಥವು ಅಂತ ಗೊತ್ತಲ್ಲ. ಒಂದು ಕಡೆ ನಾಲೆ, ಒಂದು ಕಡೆ ಗದ್ದೆ. 2018ರ ನವೆಂಬರಲ್ಲಿ ಕನಗನಮರಡಿ ಹತ್ರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋಗಿದ್ದನ್ನ ನಾವ್ಯಾರೂ ಮರೆತಿಲ್ಲ. ಅದಕ್ಕೂ ಬ್ರೇಕಿಗೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ನಮ್ಮ ರಸ್ತೆ ಪಕ್ಕದಲ್ಲಿ ತಪ್ಪು ಮಾಡೋಕೆ ಜಾಗ ಇಲ್ಲ ಅಂತ ಹೇಳ್ತಿದೀನಿ ಅಷ್ಟೆ.

ಈಗ ನಾನು ಏನು ಮಾಡ್ತೀನಿ ಅಂತ ಹೇಳ್ತೀನಿ. ಮೆಕ್ಯಾನಿಕ್ ಪಕ್ಕದಲ್ಲಿ ಕೂತು ಕಲ್ತದ್ದು. ಎರಡು ವರ್ಷದಿಂದ ಸೀಸನ್ ಶುರುವಾಗೋ ಮುಂಚೆ ಒಂದು ಇಡೀ ಬೆಳಿಗ್ಗೆ ಇದಕ್ಕೇ ಇಡ್ತೀನಿ.

ಮೊದಲು ಟ್ರ್ಯಾಕ್ಟರ್. ಎರಡು ಬ್ರೇಕ್ ಪೆಡಲ್ ಇರುತ್ತಲ್ಲ, ಅದನ್ನ ಕೂಡಿಸೋ ಕೊಂಡಿ ನೋಡಿ. ಉಳುವಾಗ ಬದು ಹತ್ರ ತಿರುಗಿಸೋಕೆ ಅಂತ ಬಿಚ್ಚಿರ್ತೀವಿ, ರಸ್ತೆಗೆ ಬಂದಾಗ ಹಾಕೋದು ಮರೀತೀವಿ. ರಸ್ತೆಯಲ್ಲಿ ಒಂದೇ ಪೆಡಲ್ ಮೇಲೆ ಕಾಲು ಬಿದ್ರೆ ಗಾಡಿ ಗರಕ್ಕನೆ ಆ ಕಡೆಗೆ ತಿರುಗುತ್ತೆ. ಹಿಂದೆ ಲೋಡಿದ್ರೆ ಪಲ್ಟಿಗೆ ಅಷ್ಟೇ ಸಾಕು. ಕೊಂಡಿ ಸವೆದಿದ್ರೆ ಹೊಸದು ಹಾಕಿಸಿ. ತಂತಿ ಕಟ್ಟಿ ಓಡಿಸಬೇಡಿ.

ಆಮೇಲೆ ಪೆಡಲ್ ಆಟ. ಕೈಯಲ್ಲಿ ಒತ್ತಿ ನೋಡಿದ್ರೆ ಬಿಗಿ ಸಿಗೋ ಮುಂಚೆ ಎಷ್ಟು ಸಡಿಲ ಹೋಗುತ್ತೋ ಅದು. ಎರಡೂ ಪೆಡಲಿಗೂ ಒಂದೇ ಸಮ ಇರಬೇಕು. ಎಷ್ಟಿರಬೇಕು ಅನ್ನೋದು ಒಂದೊಂದು ಮಾಡೆಲ್ಲಿಗೆ ಒಂದೊಂದು ಅಳತೆ, ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಪುಸ್ತಕ ಟ್ರಂಕಲ್ಲಿ ಹಾಸಿಗೆ ಕೆಳಗೆ ಇರುತ್ತೆ, ಹುಡುಕಿ. ಪೆಡಲಿಂದ ಹಿಂದಕ್ಕೆ ಹೋಗೋ ಕಂಬಿಯ ಲಾಕ್ ನಟ್ ಸಡಿಲ ಮಾಡಿ ಉದ್ದ ಹೆಚ್ಚು ಕಡಿಮೆ ಮಾಡಿದ್ರೆ ಸರಿಯಾಗುತ್ತೆ. ಮಾಡಿದ ಮೇಲೆ ಲಾಕ್ ನಟ್ ಮತ್ತೆ ಬಿಗಿ ಮಾಡೋದು ಮರೀಬೇಡಿ.

ಎರಡೂ ಕಡೆ ಸಮ ಹಿಡೀತಿದ್ಯಾ ಅಂತ ನೋಡೋಕೆ ಟ್ರೇಲರ್ ಇಲ್ಲದೆ ಟ್ರ್ಯಾಕ್ಟರ್ ಮಾತ್ರ ಖಾಲಿ ಕಣದಲ್ಲಿ, ಒಣ ಮಣ್ಣಿನ ಮೇಲೆ ನಿಧಾನಕ್ಕೆ ಓಡಿಸಿ, ಕೊಂಡಿ ಹಾಕಿದ ಪೆಡಲ್ ಒಮ್ಮೆ ಒತ್ತಿ. ಇಳಿದು ಹಿಂದಿನ ಟೈರ್ ಗುರುತು ನೋಡಿ. ಎರಡೂ ಕಡೆ ಮಣ್ಣು ಒಂದೇ ಉದ್ದಕ್ಕೆ ಕೆರೆದಿದ್ರೆ ಸರಿ. ಒಂದು ಕಡೆ ಕೆರೆದು ಇನ್ನೊಂದು ಕಡೆ ಉರುಳಿದ್ರೆ ಮತ್ತೆ ಕಂಬಿ ನೋಡಿ. ಹ್ಯಾಂಡ್ ಬ್ರೇಕನ್ನೂ ಇದೇ ಹೊತ್ತಲ್ಲಿ ಸ್ವಲ್ಪ ಇಳಿಜಾರಲ್ಲಿ ಹಾಕಿ ನೋಡಿ.

ಇನ್ನು ಟ್ರೇಲರ್. ಇದರಲ್ಲಿ ಕೆಲವು ತರ ಇದೆ. ಪೆಡಲ್ ಒತ್ತಿದ್ರೆ ಹೋಸಲ್ಲಿ ಆಯಿಲ್ ಹೋಗಿ ಟ್ರೇಲರ್ ಚಕ್ರದ ಶೂ ಹಿಡಿಯೋದು ಒಂದು, ನಂದು ಈ ತರದ್ದು. ಟ್ರ್ಯಾಕ್ಟರ್ ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ತಳ್ಳಿ, ಆ ತಳ್ಳೋ ಬಲದಿಂದಲೇ ಕಂಬಿ ಎಳೆದು ಬ್ರೇಕ್ ಹಿಡಿಯೋದು ಇನ್ನೊಂದು. ಮತ್ತೆ ಬ್ರೇಕೇ ಇಲ್ಲದ್ದು, ನಮ್ಮ ಸುತ್ತಮುತ್ತ ಇದೇ ಜಾಸ್ತಿ. ಅದರ ವಿಷಯ ಕೊನೆಗೆ ಹೇಳ್ತೀನಿ.

ಬ್ರೇಕ್ ಇರೋ ಟ್ರೇಲರ್ ಆದ್ರೆ, ಖಾಲಿ ಮಾಡಿ ಗಟ್ಟಿ ನೆಲದ ಮೇಲೆ ನಿಲ್ಲಿಸಿ. ಎತ್ತದೇ ಇರೋ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಒಂದು ಚಕ್ರ ಜಾಕಲ್ಲಿ ಎತ್ತಿ. ಜಾಕ್ ಮೇಲೇ ಬಿಡಬೇಡಿ, ಅಚ್ಚಿನ ಕೆಳಗೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಕೊಟ್ಟ ಮೇಲೇ ಕೈ ಒಳಗೆ ಹಾಕಿ. ಮಣ್ಣಲ್ಲಿ ಜಾಕ್ ಜಾರೋದು ನಿಮಗೆ ನಾನು ಹೇಳಬೇಕಾಗಿಲ್ಲ.

ಎತ್ತಿದ ಚಕ್ರಾನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲಟಲಟ ಅಂದ್ರೆ ಬೇರಿಂಗ್ ಸಡಿಲ. ಬೇರಿಂಗ್ ಸಡಿಲ ಇಟ್ಕೊಂಡು ಬ್ರೇಕ್ ಎಷ್ಟು ಸರಿ ಮಾಡಿದ್ರೂ ನಿಲ್ಲಲ್ಲ, ಮೊದಲು ಅದನ್ನ ಮಾಡಿಸಿ. ಆಮೇಲೆ ಡ್ರಮ್ ಬಿಚ್ಚಿ ನೋಡಿ. ಮಳೆಗಾಲದಲ್ಲಿ ನಿಂತ ಟ್ರೇಲರ್ ಡ್ರಮ್ ಒಳಗೆ ಏನೇನಿರುತ್ತೆ ಅಂತ ನೋಡಿದ್ರೆ ಆಶ್ಚರ್ಯ ಆಗುತ್ತೆ. ತುಕ್ಕು, ಕೆಸರು, ನನ್ನದರಲ್ಲಿ ಹೋದ ವರ್ಷ ಕಣಜದ ಮಣ್ಣಿನ ಗೂಡಿತ್ತು. ಲೈನರ್ ಸವೆದು ರಿವೆಟ್ ಹತ್ರ ಬಂದಿದ್ರೆ ಎರಡೂ ಕಡೆದೂ ಬದಲಾಯಿಸಿ, ಒಂದು ಕಡೆ ಮಾತ್ರ ಬೇಡ, ಎಳೆತ ಬರುತ್ತೆ. ಲೈನರ್ ಗ್ರೀಸ್ ಕುಡಿದಿದ್ರೆ ಉಪ್ಪಿನ ಕಾಗದದಲ್ಲಿ ಉಜ್ಜಿದ್ರೆ ಹೋಗಲ್ಲ, ಬಿಸಿಯಾದಾಗ ಒಳಗಿಂದ ಮತ್ತೆ ಒಸರುತ್ತೆ. ಅದನ್ನೂ ಬದಲಾಯಿಸಿ, ಜೊತೆಗೆ ಸೀಲೂ ಬದಲಾಯಿಸಿ. ಡ್ರಮ್ಮನ್ನ ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೀಬೇಡಿ, ಎಣ್ಣೆ ಪಸೆ ಉಳಿಯುತ್ತೆ. ಒಳಗಿನ ಕಪ್ಪು ಧೂಳನ್ನ ಬಾಯಲ್ಲಿ ಊದಬೇಡಿ. ಹಳೇ ಲೈನರಲ್ಲಿ ಕಲ್ನಾರು ಇರುತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆ ಎಸೀರಿ.

ಹೊಂದಿಸೋದು ಹೀಗೆ. ಡ್ರಮ್ ಹಾಕಿದ ಮೇಲೆ ಹಿಂದಿನ ತಗಡಲ್ಲಿ ಸಣ್ಣ ಕಿಂಡಿ ಇರುತ್ತೆ. ಅದರೊಳಗೆ ಹಲ್ಲು ಹಲ್ಲಾಗಿರೋ ಪುಟ್ಟ ಚಕ್ರ. ಸ್ಕ್ರೂ ಡ್ರೈವರ್ ತೂರಿಸಿ ಒಂದೊಂದೇ ಹಲ್ಲು ತಿರುಗಿಸ್ತಾ, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಚಕ್ರ ತಿರುಗದೇ ಬಿಗಿಯಾಗೋವರೆಗೂ ಹೋಗಿ, ಆಮೇಲೆ ಹಿಂದಕ್ಕೆ ಬನ್ನಿ. ಚಕ್ರ ಆರಾಮಾಗಿ ತಿರುಗಬೇಕು, ಎಲ್ಲೋ ಒಂದು ಚೂರು ಸರಸರ ಸದ್ದು ಬಂದ್ರೆ ಬರ್ಲಿ. ಅಲ್ಲಿಗೆ ಸರಿ. ಕೆಲವು ಟ್ರೇಲರಲ್ಲಿ ಹಲ್ಲಿನ ಚಕ್ರ ಇರಲ್ಲ, ಹೊರಗಿನ ಲಿವರಿನ ನಟ್ಟಲ್ಲೇ ಹೊಂದಿಸೋದು, ಲೆಕ್ಕ ಒಂದೇ. ಎರಡೂ ಕಡೆ ಒಂದೇ ಸಮ ಮಾಡಿ.

ಆಯಿಲ್ ಬ್ರೇಕ್ ಆದ್ರೆ ಹೋಸ್ ಪೂರ್ತಿ ಕೈಯಾಡಿಸಿ ನೋಡಿ. ಬಿರುಕು, ಒಸರು, ಇಲಿ ಕಡಿದದ್ದು. ಟ್ರ್ಯಾಕ್ಟರಿಗೆ ಕನೆಕ್ಟ್ ಮಾಡಿ ಇಂಜಿನ್ ಶುರು ಮಾಡಿ, ಗೇರು ನ್ಯೂಟ್ರಲಲ್ಲಿ ಇಟ್ಟು, ಮನೆಯವರು ಯಾರನ್ನಾದ್ರೂ ಪೆಡಲ್ ಒತ್ತೋಕೆ ಹೇಳಿ, ನೀವು ಎತ್ತಿದ ಚಕ್ರ ತಿರುಗಿಸಿ ನೋಡಿ. ತಿರುಗಬಾರದು. ಪೆಡಲ್ ಬಿಟ್ಟ ತಕ್ಷಣ ತಿರುಗಬೇಕು. ತಳ್ಳಿದ್ರೆ ಹಿಡಿಯೋ ತರದ್ದಾದ್ರೆ ಮುಂದಿನ ಜಾರೋ ಕೊಳವೆಗೆ ಗ್ರೀಸ್ ಹೊಡೀರಿ. ಅದು ತುಕ್ಕು ಹಿಡಿದು ಕಚ್ಕೊಂಡಿದ್ರೆ ಬ್ರೇಕ್ ಇದ್ದೂ ಇಲ್ಲದ ಹಾಗೆ.

ಕೊನೇದು, ಮೊದಲನೇ ಲೋಡು ಹೊರಟ ಮೇಲೆ. ಏಳೆಂಟು ಕಿಲೋಮೀಟರ್ ಹೋಗಿ ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಪ್ರತಿ ಡ್ರಮ್ ಹತ್ರ ಅಂಗೈ ಹಿಂಭಾಗ ಹಿಡಿದು ಕಾವು ನೋಡಿ. ಮುಟ್ಟಬೇಡಿ, ಸುಡುತ್ತೆ. ಒಂದು ಬಹಳ ಬಿಸಿ, ಇನ್ನೊಂದು ತಣ್ಣಗೆ ಇದ್ರೆ, ಬಿಸಿ ಇರೋದು ಉಜ್ಕೊಂಡೇ ಬರ್ತಿದೆ, ತಣ್ಣಗಿರೋದು ಕೆಲಸವೇ ಮಾಡ್ತಿಲ್ಲ. ಇದನ್ನ ನಿಮ್ಮ ಡ್ರೈವರಿಗೆ ಕಲಿಸಿ. ಅವನು ಹೇಳಿದಾಗ ಕೇಳಿ.

ಬ್ರೇಕೇ ಇಲ್ಲದ ಟ್ರೇಲರ್ ಇರೋರಿಗೆ. ಸಾಧ್ಯ ಆದ್ರೆ ಹಾಕಿಸಿ. ಈ ವರ್ಷ ಆಗಲ್ಲ ಅಂದ್ರೆ ಲೋಡು ಕಡಿಮೆ ಹಾಕಿ, ಹಿಂದೆ ಇನ್ನೊಂದು ಟ್ರೇಲರ್ ಸಿಕ್ಕಿಸೋದಂತೂ ಬೇಡವೇ ಬೇಡ. ಇಳಿಜಾರು ಶುರುವಾಗೋ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿ, ಇಳಿಯುವಾಗ ಗೇರ್ ಬದಲಾಯಿಸೋಕೆ ಹೋಗಿ ಗೇರ್ ಬೀಳದೇ ಹೋದ್ರೆ ಕೆಟ್ರಿ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡೋರು, ಕ್ಲಚ್ ಒತ್ತಿ ಬಿಡೋರು ನಮ್ಮಲ್ಲೇ ಇದ್ದಾರೆ. ಆಗ ಇಂಜಿನ್ನು ಹಿಡಿಯೋದೂ ಹೋಯ್ತು. ಪಿನ್ನಿಗೆ ಕೆಳಗೆ ಕ್ಲಿಪ್ ಇರಲಿ, ಜೊತೆಗೆ ಒಂದು ಗಟ್ಟಿ ಸರಪಳಿ ಇರಲಿ. ಯಾವ ಕಾರಣಕ್ಕೂ ಜನಾನ ಕೂರಿಸಬೇಡಿ. ಆಳುಗಳನ್ನ ಕಬ್ಬಿನ ಮೇಲೆ ಕೂರಿಸೋದು, ಜಾತ್ರೆಗೆ ಹೆಂಗಸರು ಮಕ್ಕಳನ್ನ ತುಂಬ್ಕೊಂಡು ಹೋಗೋದು, ಎರಡೂ ಬೇಡ.

ಖರ್ಚಿನ ಮಾತು ಬಂದೇ ಬರುತ್ತೆ. ನನಗೆ ಆವತ್ತು ಎರಡು ಜೊತೆ ಲೈನರ್, ಸೀಲು, ಗ್ರೀಸು, ಮೆಕ್ಯಾನಿಕ್ ಕೂಲಿ ಎಲ್ಲ ಸೇರಿ ನಾಲ್ಕು ಸಾವಿರದ ಒಳಗೆ ಮುಗೀತು. ಎಂಟು ಟನ್ನಿನ ಒಂದು ಲೋಡಿಗೆ ಬರೋ ದುಡ್ಡಲ್ಲಿ ಆರರಲ್ಲಿ ಒಂದು ಪಾಲೂ ಇಲ್ಲ. ಆಸ್ಪತ್ರೆಗೆ ಕೊಟ್ಟದ್ದು ಅದರ ಹತ್ತಾರು ಪಟ್ಟು. "ಬ್ರೇಕ್ ಬಿಗಿ ಇದ್ರೆ ಟೈರ್ ಸವೆಯುತ್ತೆ, ಡೀಸೆಲ್ ಜಾಸ್ತಿ ಕುಡಿಯುತ್ತೆ" ಅಂತಲೂ ಕೆಲವರು ಹೇಳ್ತಾರೆ. ಉಜ್ಕೊಂಡು ಬರೋ ಹಾಗೆ ಇಟ್ರೆ ಹೌದು. ಸರಿಯಾಗಿ ಹೊಂದಿಸಿದ್ರೆ ಚಕ್ರ ಆರಾಮಾಗಿ ತಿರುಗುತ್ತೆ, ಮೇಲೆ ಹೇಳಿದೀನಿ. ಇನ್ನು ಕೆಲವರು "ನಮ್ಮಪ್ಪನ ಕಾಲದಲ್ಲಿ ಇದೆಲ್ಲ ಎಲ್ಲಿತ್ತು" ಅಂತಾರೆ. ನಮ್ಮಪ್ಪನ ಎತ್ತಿನ ಗಾಡಿಗೂ ಇಳಿಜಾರಲ್ಲಿ ಚಕ್ರಕ್ಕೆ ಒತ್ತೋ ಮರದ ತುಂಡು ಇತ್ತು ಸ್ವಾಮಿ. ಒಂದು ಟನ್ ಗಾಡಿಗೇ ಅವರು ಅದನ್ನ ಇಟ್ಟಿದ್ರು.

ಆಯುಧಪೂಜೆ ದಿನ ನಾವು ಟ್ರ್ಯಾಕ್ಟರ್ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಟೈರ್ ಕೆಳಗೆ ನಿಂಬೆಹಣ್ಣು ಇಡ್ತೀವಿ. ನಾನೂ ಇಡ್ತೀನಿ, ಬಿಡೋನಲ್ಲ. ನಿಂಬೆಹಣ್ಣು ಇಡೋಕೆ ಬಗ್ಗಿದಾಗ ಡ್ರಮ್ಮನ್ನೂ ಒಮ್ಮೆ ನೋಡಿ ಅಂತ ಕೇಳ್ಕೊಳ್ತಿದೀನಿ.

ಬರೋ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನನ್ನ ಜಾಕು, ಎರಡು ಸ್ಟ್ಯಾಂಡು, ಗ್ರೀಸ್ ಗನ್ನು ತಗೊಂಡು ಅರಳಿಕಟ್ಟೆ ಹತ್ರ ಬರ್ತೀನಿ. ಟ್ರೇಲರ್ ಖಾಲಿ ಮಾಡ್ಕೊಂಡು ಯಾರು ಬೇಕಾದ್ರೂ ತರಬಹುದು, ನೋಡೋಣ. ನಮ್ಮ ಆ ಹುಡುಗನೂ ಬರ್ತೀನಿ ಅಂದಿದಾನೆ. ಭಾರ ಎತ್ತೋಕೆ ಆಗಲ್ಲ, ಆದ್ರೆ ಯಾವ ಚಕ್ರ ಎಳೀತಿದೆ ಅಂತ ಓಡಿಸಿ ಹೇಳೋದ್ರಲ್ಲಿ ಅವನಿಗಿಂತ ತಿಳಿದೋರು ನಮ್ಮೂರಲ್ಲಿ ಇಲ್ಲ. ರಾತ್ರಿ ಹೊತ್ತು ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಇಲ್ಲದೆ ಹೋಗೋ ವಿಷಯ ಇನ್ನೊಂದು ದಿನ ಬರೀತೀನಿ.